ಎರಡನೇ ಸ್ಥಾನಕ್ಕಿಂತ ಮೂರನೆಯದೇ ಲೇಸಾದಾಗ

ಫೆಬ್ರುವರಿ ಎರಡನೇ ವಾರ ಬಂತೆಂದರೆ ಅಮೆರಿಕದ ಟೆಕ್ಸಸ್ ರಾಜ್ಯದ ಹೈಸ್ಕೂಲುಗಳ ಬ್ಯಾಸ್ಕೆಟ್‌ಬಾಲ್ ಅಂಗಳಗಳಲ್ಲಿ ಆಟದಷ್ಟೇ ಬಿರುಸಾಗಿ ಲೆಕ್ಕಾಚಾರವೂ ನಡೆಯುತ್ತದೆ. ನಾವು ಗೆದ್ದು, ಪಕ್ಕದ ಊರಿನವರು ಸೋತರೆ ಎರಡನೇ ಸ್ಥಾನ. ಇಬ್ಬರೂ ಗೆದ್ದರೆ ಮೂರನೆಯದು. ಇಬ್ಬರೂ ಸೋತು, ಕೆಳಗಿನವರು ಗೆದ್ದುಬಿಟ್ಟರೆ ಐದನೆಯದು. ಅಲ್ಲಿಗೆ ಆ ವರ್ಷದ ಆಟ ಮುಗಿಯಿತು. ಈ ಸಂಕಟ ನಮಗೆ ಹೊಸದಲ್ಲ. 2024ರ ಮೇ 18ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈ ತಂಡವನ್ನು ಆರ್‌ಸಿಬಿ 27 ರನ್‌ಗಳಿಂದ ಸೋಲಿಸಿ ನಾಲ್ಕನೇ ಸ್ಥಾನ ಹಿಡಿದಾಗ, ಕರ್ನಾಟಕದ ಮನೆಮನೆಗಳಲ್ಲಿ ಜನ ನೆಟ್ ರನ್‌ರೇಟ್ ಗುಣಿಸುತ್ತಾ ಕೂತಿದ್ದರು. ಟೆಕ್ಸಸ್‌ನಲ್ಲಿ ಹಾಗೆ ಕೂರುವವರು 14ರಿಂದ 18 ವರ್ಷದ ಮಕ್ಕಳು, ಅವರ ತಂದೆ ತಾಯಿ ಮತ್ತು ಒಂದಿಡೀ ಊರು.

ಈ ವ್ಯವಸ್ಥೆಯನ್ನು ನಡೆಸುವ ಸಂಸ್ಥೆ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್, ಎಲ್ಲರ ಬಾಯಲ್ಲಿ ಯುಐಎಲ್. 1910ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಹುಟ್ಟಿದ್ದು. ಶಾಲೆಗಳನ್ನು ಅದು ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ 1ಎಯಿಂದ 6ಎವರೆಗೆ ಆರು ವರ್ಗ ಮಾಡುತ್ತದೆ. 2024-26ರ ಅವಧಿಯ ಲೆಕ್ಕದಲ್ಲಿ 2,275 ಮತ್ತು ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆ 6ಎ. ನೂರೈದು ಮಕ್ಕಳೂ ಇಲ್ಲದ ಶಾಲೆ 1ಎ. ಒಂದೊಂದು ವರ್ಗದೊಳಗೆ ಸಾಮಾನ್ಯವಾಗಿ ಅಕ್ಕಪಕ್ಕದ ಆರರಿಂದ ಒಂಬತ್ತು ಶಾಲೆಗಳನ್ನು ಸೇರಿಸಿ ಒಂದು ‘ಡಿಸ್ಟ್ರಿಕ್ಟ್’. ಇದು ನಮ್ಮ ಕಂದಾಯ ಜಿಲ್ಲೆಯಲ್ಲ, ಆಟಕ್ಕಾಗಿಯೇ ಎಳೆದ ಗೆರೆ. ಪ್ರತಿ ಎರಡು ವರ್ಷಕ್ಕೊಮ್ಮೆ ಫೆಬ್ರುವರಿಯ ಆರಂಭದಲ್ಲಿ ಈ ಗೆರೆಗಳನ್ನು ಹೊಸದಾಗಿ ಎಳೆಯುತ್ತಾರೆ. ಆ ಬೆಳಿಗ್ಗೆಯವರೆಗೆ ಎಲ್ಲವೂ ಗುಟ್ಟು. ಪಟ್ಟಿ ಕೈಗೆ ಬಂದ ತಕ್ಷಣ ಕೋಚ್‌ಗಳು ಹುಡುಕುವುದು ತಮ್ಮ ಶಾಲೆಯ ಹೆಸರನ್ನಲ್ಲ, ಅದರ ಪಕ್ಕದಲ್ಲಿ ಯಾರ್‍ಯಾರ ಹೆಸರಿದೆ ಎಂಬುದನ್ನು.

ನೆರೆಯ ಶಾಲೆಗಳು ಒಂದರೊಡನೊಂದು ಎರಡೆರಡು ಸಲ ಆಡುತ್ತವೆ, ಒಂದು ನಮ್ಮ ಅಂಗಳದಲ್ಲಿ, ಒಂದು ಅವರದರಲ್ಲಿ. ಎಂಟು ಶಾಲೆಗಳಿದ್ದರೆ 14 ಪಂದ್ಯ. ಡಿಸೆಂಬರಿನಿಂದ ಫೆಬ್ರುವರಿ ನಡುವಿನವರೆಗೆ, ಬಹುತೇಕ ಮಂಗಳವಾರ ಮತ್ತು ಶುಕ್ರವಾರಗಳಂದು, ಎಂಟೆಂಟು ನಿಮಿಷದ ನಾಲ್ಕು ಕ್ವಾರ್ಟರ್‌ಗಳ ಆಟ. ಕೊನೆಯಲ್ಲಿ ಮೊದಲ ನಾಲ್ಕು ತಂಡಗಳಿಗೆ ಪ್ಲೇಆಫ್. 6ಎ ವರ್ಗದಲ್ಲಿ 32 ಡಿಸ್ಟ್ರಿಕ್ಟ್‌ಗಳು, ಅಂದರೆ ಪ್ಲೇಆಫ್‌ಗೆ 128 ತಂಡಗಳು. ಮೊನ್ನೆ ಮೊನ್ನೆಯವರೆಗೆ ಅವುಗಳಲ್ಲಿ ಏಳು ಸುತ್ತು ಗೆದ್ದ ಒಂದು ತಂಡ ಮಾತ್ರ ರಾಜ್ಯ ಚಾಂಪಿಯನ್.

ಹೀಗೆ ನೆರೆಯವರೊಂದಿಗೆ ಎರಡು ತಿಂಗಳು ಆಡಿ ಗೆದ್ದ ಡಿಸ್ಟ್ರಿಕ್ಟ್ ಪಟ್ಟ, ಶಾಲಾ ಕ್ರೀಡೆಯಲ್ಲಿ ಅತ್ಯಂತ ನ್ಯಾಯವಾದ ಪ್ರಶಸ್ತಿ ಎಂದು ನಾನು ನಂಬಿದ್ದೇನೆ. ರಾಜ್ಯ ಪ್ರಶಸ್ತಿಗಿಂತಲೂ. ಪ್ಲೇಆಫ್‌ನಲ್ಲಿ ಒಂದು ಕೆಟ್ಟ ಸಂಜೆ ಸಾಕು, ಒಬ್ಬ ಹುಡುಗನ ಕಣಕಾಲು ಉಳುಕಿದರೆ ಸಾಕು, ವರ್ಷದ ಶ್ರಮ ನೀರಿಗೆ ಬೀಳುತ್ತದೆ. ಹದಿನಾಲ್ಕು ಪಂದ್ಯಗಳ ಪಟ್ಟಿಯಲ್ಲಿ ಅದೃಷ್ಟ ಅಷ್ಟು ದೂರ ಬರಲಾರದು. ಜನವರಿಯಲ್ಲಿ 20 ಅಂಕಗಳಿಂದ ಸೋಲಿಸಿದವರನ್ನು ಫೆಬ್ರುವರಿಯಲ್ಲಿ ಅವರದೇ ಅಂಗಳಕ್ಕೆ ಹೋಗಿ ಎದುರಿಸಬೇಕು. ಸೋತವರಿಗೂ ತಿದ್ದಿಕೊಂಡು ಬರಲು ಮೂರು ನಾಲ್ಕು ವಾರ ಸಿಗುತ್ತದೆ. ಕಲಿಯುವ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ.

ಈ ಪಟ್ಟದ ಬೆಲೆಯೇ ಈಗ ಇಳಿಯುತ್ತಿದೆ.

2024-25ರ ಋತುವಿನಿಂದ ದೊಡ್ಡ ವರ್ಗಗಳ ಬ್ಯಾಸ್ಕೆಟ್‌ಬಾಲ್ ಪ್ಲೇಆಫ್ ಅನ್ನು ಯುಐಎಲ್ ಎರಡಾಗಿ ಒಡೆಯಿತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹಿಂದೆಯೇ ಇದ್ದ ಪದ್ಧತಿ ಇದು. ಡಿಸ್ಟ್ರಿಕ್ಟ್‌ನಿಂದ ಮೇಲೆ ಬಂದ ನಾಲ್ಕು ತಂಡಗಳಲ್ಲಿ ಹೆಚ್ಚು ಮಕ್ಕಳಿರುವ ಎರಡು ಶಾಲೆಗಳು ಡಿವಿಷನ್ ಒಂದಕ್ಕೆ, ಉಳಿದೆರಡು ಡಿವಿಷನ್ ಎರಡಕ್ಕೆ. ಉದ್ದೇಶ ಅರ್ಥವಾಗುವಂಥದ್ದು. 6ಎ ವರ್ಗಕ್ಕೆ ಮೇಲ್ಮಿತಿ ಇಲ್ಲ. 2,300 ಮಕ್ಕಳ ಶಾಲೆ 5,000 ಮಕ್ಕಳ ಶಾಲೆಯ ಎದುರು ನಿಲ್ಲಬೇಕಾಗುತ್ತದೆ. ಐದು ಸಾವಿರದಲ್ಲಿ ಆರೂವರೆ ಅಡಿ ಎತ್ತರದ ನಾಲ್ವರನ್ನು ಹುಡುಕುವುದು ಸುಲಭ. ಒಡೆದದ್ದರಿಂದ ಎರಡು ಪಟ್ಟು ಮಕ್ಕಳು ಫೈನಲ್ ಕಾಣುತ್ತಾರೆ ಎಂಬುದೂ ನಿಜ.

ಆದರೆ ಡಿಸ್ಟ್ರಿಕ್ಟ್ ಪಟ್ಟಿಗೆ ಏನಾಯಿತು ನೋಡಿ. ಒಂದು ಡಿಸ್ಟ್ರಿಕ್ಟ್‌ನಲ್ಲಿ ಮೊದಲನೆಯ ಮತ್ತು ಎರಡನೆಯ ಸ್ಥಾನ ಪಡೆದ ಶಾಲೆಗಳೇ ಗಾತ್ರದಲ್ಲೂ ದೊಡ್ಡವು ಎಂದುಕೊಳ್ಳಿ. ಎರಡೂ ಡಿವಿಷನ್ ಒಂದಕ್ಕೆ ಹೋಗುತ್ತವೆ. ಅಲ್ಲಿ ಮೊದಲ ಸ್ಥಾನದ ಶಾಲೆ ಒಂದನೇ ಶ್ರೇಯಾಂಕ, ಎರಡನೇ ಸ್ಥಾನದ ಶಾಲೆ ಎರಡನೇ ಶ್ರೇಯಾಂಕ. ಮೂರನೇ ಸ್ಥಾನದಲ್ಲಿದ್ದ ಶಾಲೆ ಚಿಕ್ಕದು. ಅದು ಡಿವಿಷನ್ ಎರಡಕ್ಕೆ ಹೋಗಿ ಅಲ್ಲಿ ಒಂದನೇ ಶ್ರೇಯಾಂಕ ಪಡೆಯುತ್ತದೆ! ಎರಡನೆಯವರು ಪಕ್ಕದ ಡಿಸ್ಟ್ರಿಕ್ಟ್‌ನ ಬಲಾಢ್ಯರನ್ನು ಎದುರಿಸಬೇಕು, ಅವರ ಕೆಳಗಿದ್ದ ಮೂರನೆಯವರಿಗೆ ಹಗುರವಾದ ಎದುರಾಳಿ. ಎರಡನೆಯ ಮತ್ತು ಮೂರನೆಯ ತಂಡಗಳ ನಡುವಿನ ಕೊನೆಯ ವಾರದ ಪಂದ್ಯದಲ್ಲಿ ಯಾರು ಗೆದ್ದರೂ ಪ್ಲೇಆಫ್‌ನಲ್ಲಿ ಅವರ ಜಾಗ ಬದಲಾಗುವುದಿಲ್ಲ. ಹಿಂದೆ ಅದೇ ಪಂದ್ಯಕ್ಕೆ ಊರಿಗೆ ಊರೇ ಸೇರುತ್ತಿತ್ತು.

ಹಳೆಯ ಪದ್ಧತಿಯಲ್ಲಿ ಪಟ್ಟ ಗೆದ್ದವರಿಗೆ ನೆರೆಯ ಡಿಸ್ಟ್ರಿಕ್ಟ್‌ನ ನಾಲ್ಕನೆಯವರು, ಎರಡನೆಯವರಿಗೆ ಮೂರನೆಯವರು ಎದುರಾಳಿ. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೆಲೆ ಇತ್ತು. ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನ ಪಡೆದವರಿಗೆ ಸೋತರೂ ಇನ್ನೊಂದು ಅವಕಾಶ ಇರುವುದು ಈ ಕಾರಣಕ್ಕೇ: ಎರಡು ತಿಂಗಳ ಆಟಕ್ಕೆ ಏನಾದರೂ ಕೂಲಿ ಸಿಗಬೇಕು. ಕೋಟಿಗಟ್ಟಲೆ ಸಂಬಳದ ಆಟಗಾರರಿಗೆ ಅದು ಬೇಕಾದರೆ, ಗಣಿತದ ಪರೀಕ್ಷೆಗೂ ಓದಿಕೊಂಡು ರಾತ್ರಿ ಹತ್ತಕ್ಕೆ ಬಸ್ಸಿನಲ್ಲಿ ಊರಿಗೆ ಮರಳುವ ಹುಡುಗಿಯರಿಗೆ ಬೇಡವೇ?

ಪರೀಕ್ಷೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. 1984ರಲ್ಲಿ ಟೆಕ್ಸಸ್ ಶಾಸನಸಭೆ ‘ಪಾಸಾಗದಿದ್ದರೆ ಆಟವಿಲ್ಲ’ ಎಂಬ ನಿಯಮ ತಂದಿತು. ಯಾವುದೇ ಒಂದು ವಿಷಯದಲ್ಲಿ ನೂರಕ್ಕೆ 70ಕ್ಕಿಂತ ಕಡಿಮೆ ಬಂದರೆ ಆರು ವಾರ ಅಂಗಳಕ್ಕೆ ಇಳಿಯುವಂತಿಲ್ಲ. ತಂದೆ ತಾಯಂದಿರು ನ್ಯಾಯಾಲಯಕ್ಕೆ ಹೋದರು; 1985ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು. 1995ರಲ್ಲಿ ಆರು ವಾರ ಮೂರು ವಾರಕ್ಕೆ ಇಳಿಯಿತು, ನಿಯಮ ಮಾತ್ರ ಉಳಿದಿದೆ. ಜನವರಿಯಲ್ಲಿ ಅಂಕಪಟ್ಟಿ ಬಂದ ದಿನ ಡಿಸ್ಟ್ರಿಕ್ಟ್ ಓಟದ ದಿಕ್ಕೇ ಬದಲಾಗುವುದುಂಟು. ಶಾಲೆಯ ಆಟ ಶಾಲೆಯದೇ ಆಗಿ ಉಳಿಯಬೇಕಾದರೆ ಈ ನಿಯಮ ಬೇಕು. ಅದನ್ನು ಉಳಿಸಿಕೊಂಡು ಬಂದದ್ದಕ್ಕೆ ಟೆಕ್ಸಸ್ ಅನ್ನು ಮೆಚ್ಚಬೇಕು.

ಪಟ್ಟಿಯಲ್ಲಿ ಇಬ್ಬರು ಮೂವರು ಸಮನಾಗಿ ನಿಂತರೆ ತೀರ್ಮಾನ ಮಾಡುವುದು ಆಯಾ ಶಾಲೆಗಳ ಪ್ರತಿನಿಧಿಗಳೇ ಇರುವ ಡಿಸ್ಟ್ರಿಕ್ಟ್ ಸಮಿತಿ. ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶ ನೋಡುತ್ತಾರೆ, ಹೆಚ್ಚುವರಿ ಪಂದ್ಯ ಆಡಿಸುತ್ತಾರೆ. ಅದೂ ಬಗೆಹರಿಯದಿದ್ದರೆ ನಾಣ್ಯ. 1988ರಲ್ಲಿ ಒಡೆಸ್ಸಾದ ಪರ್ಮಿಯನ್ ಹೈಸ್ಕೂಲ್ ಸೇರಿದಂತೆ ಮೂರು ಶಾಲೆಗಳು ಫುಟ್‌ಬಾಲ್ ಡಿಸ್ಟ್ರಿಕ್ಟ್‌ನಲ್ಲಿ ಸಮನಾದಾಗ, ಲಾರಿಗಳು ತಂಗುವ ಹೆದ್ದಾರಿ ಬದಿಯ ತಾಣವೊಂದರಲ್ಲಿ ನಡುರಾತ್ರಿ ನಾಣ್ಯ ಚಿಮ್ಮಿ ಪ್ಲೇಆಫ್‌ಗೆ ಹೋಗುವವರನ್ನು ಆರಿಸಿದರು. ಇದು ಮುಂದೆ ‘ಫ್ರೈಡೇ ನೈಟ್ ಲೈಟ್ಸ್’ ಪುಸ್ತಕದ ಮೂಲಕ ಅಮೆರಿಕಕ್ಕೆಲ್ಲ ಗೊತ್ತಾಯಿತು. ಮಕ್ಕಳ ಋತುವನ್ನು ನಾಣ್ಯದ ಕೈಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಇನ್ನೊಂದು ಸಂಜೆ, ಇನ್ನೊಂದು ಪಂದ್ಯ ಆಡಿಸಲಾಗದಷ್ಟು ಅವಸರ ಯಾರಿಗೂ ಇರಬಾರದು.

ಇದಕ್ಕಿಂತ ದೊಡ್ಡ ಪೆಟ್ಟು ಬೀಳುತ್ತಿರುವುದು ಶಾಲೆ ಬದಲಿಸುವವರಿಂದ. ಡಿಸ್ಟ್ರಿಕ್ಟ್ ಎನ್ನುವುದೇ ನೆರೆಹೊರೆಯ ಮೇಲೆ ನಿಂತ ಕಲ್ಪನೆ: ಯಾವ ಬೀದಿಯಲ್ಲಿ ಮನೆಯೋ ಆ ಬೀದಿಯ ಶಾಲೆ, ಆ ಶಾಲೆಯ ತಂಡ. ಆಟಕ್ಕಾಗಿಯೇ ಶಾಲೆ ಬದಲಿಸಿದ ವಿದ್ಯಾರ್ಥಿ ಒಂದು ವರ್ಷ ಮುಖ್ಯ ತಂಡದಲ್ಲಿ ಆಡುವಂತಿಲ್ಲ ಎನ್ನುತ್ತದೆ ಯುಐಎಲ್ ನಿಯಮ. ಬೇರೆ ಶಾಲೆಯಲ್ಲಿ ಆಡಿದ್ದವರು ಬಂದರೆ ಹಳೆಯ ಶಾಲೆಯೂ ಸಹಿ ಹಾಕಬೇಕಾದ ಅರ್ಜಿ ಇದೆ. ತಕರಾರು ಬಂದರೆ ಡಿಸ್ಟ್ರಿಕ್ಟ್ ಸಮಿತಿ ವಿಚಾರಣೆ ನಡೆಸುತ್ತದೆ. ವಿಚಾರಣೆ ನಡೆಸುವವರು ಎದುರಾಳಿ ಶಾಲೆಗಳವರೇ ಎಂಬುದು ಈ ವ್ಯವಸ್ಥೆಯ ದೊಡ್ಡ ದೋಷ. ನಿನ್ನೆ ಸೋತವರು ಇಂದು ಪೀಠದಲ್ಲಿ ಕೂತರೆ ತೀರ್ಪು ಸರಿಯಿದ್ದರೂ ಯಾರೂ ನಂಬುವುದಿಲ್ಲ. ಡಲ್ಲಾಸ್ ಬಳಿಯ ಡಂಕನ್‌ವಿಲ್ ಹೈಸ್ಕೂಲ್ 2022ರ 6ಎ ಬಾಲಕರ ರಾಜ್ಯ ಪ್ರಶಸ್ತಿ ಗೆದ್ದಿತ್ತು. ಅನರ್ಹ ಆಟಗಾರನನ್ನು ಆಡಿಸಿದ ಕಾರಣಕ್ಕೆ ಅದೇ ವರ್ಷ ಯುಐಎಲ್ ಅದನ್ನು ವಾಪಸ್ ಪಡೆಯಿತು. ಪ್ರಶಸ್ತಿ ಫಲಕ ಹಿಂದಕ್ಕೆ ಬಂದೀತು. ಆ ತಂಡದೆದುರು ಸೋತು ಫೆಬ್ರುವರಿಯಲ್ಲೇ ಮನೆಗೆ ಹೋದ ಮಕ್ಕಳ ಪಂದ್ಯಗಳು ಹಿಂದಕ್ಕೆ ಬರುವುದಿಲ್ಲ. ಡಿಸೆಂಬರಿನಲ್ಲಿ, ಡಿಸ್ಟ್ರಿಕ್ಟ್ ಪಂದ್ಯಗಳು ಶುರುವಾಗುವ ಮೊದಲೇ, ಎದುರಾಳಿಗಳಲ್ಲದ ಸ್ವತಂತ್ರ ಸಮಿತಿಯೊಂದು ಅರ್ಹತೆಯ ಎಲ್ಲ ತಕರಾರುಗಳನ್ನು ಇತ್ಯರ್ಥ ಮಾಡಿದ್ದರೆ ಇಂಥದ್ದು ಆಗುತ್ತಿರಲಿಲ್ಲ.

ಗೆರೆ ಎಳೆಯುವವರ ಕೈಯಲ್ಲಿ ಹಿಂದೆ ದೊಡ್ಡ ಅನ್ಯಾಯವೂ ನಡೆದಿದೆ. ಬಾಲಕರಿಗೆ ರಾಜ್ಯ ಟೂರ್ನಿ ಆರಂಭವಾದದ್ದು 1921ರಲ್ಲಿ. ಬಾಲಕಿಯರು 1951ರವರೆಗೆ ಕಾಯಬೇಕಾಯಿತು. ಕಪ್ಪು ಜನರ ಶಾಲೆಗಳಿಗೆ ಯುಐಎಲ್ ಬಾಗಿಲು ಮುಚ್ಚಿತ್ತು. ಅವರು ಪ್ರೇರಿ ವ್ಯೂ ಹೆಸರಿನ ತಮ್ಮದೇ ಲೀಗ್ ಕಟ್ಟಿಕೊಂಡು ಆಡಿದರು. 1960ರ ದಶಕದ ಕೊನೆಯಲ್ಲಷ್ಟೇ ಆ ಶಾಲೆಗಳು ಒಂದೇ ಪಟ್ಟಿಗೆ ಸೇರಿದವು. ಯಾರು ಯಾರೊಂದಿಗೆ ಆಡುತ್ತಾರೆ ಎಂಬ ತೀರ್ಮಾನ ಕೇವಲ ವೇಳಾಪಟ್ಟಿಯ ವಿಷಯವಲ್ಲ ಎಂದು ಗೊತ್ತಾಗಲು ಇಷ್ಟು ಸಾಕು.

ಚಿಕ್ಕ ಊರುಗಳಿಗೆ ಹೋದರೆ ಈ ವ್ಯವಸ್ಥೆಯ ಕಸುವು ಕಾಣುತ್ತದೆ. ರಾಜ್ಯದ ಉತ್ತರ ಮೂಲೆಯ ಬಯಲುಸೀಮೆಯಲ್ಲಿ ನಜರೆತ್ ಎಂಬ ಊರಿದೆ, ಜನಸಂಖ್ಯೆ ಮುನ್ನೂರರ ಆಸುಪಾಸು. ಜರ್ಮನ್ ಮೂಲದ ಕ್ಯಾಥೊಲಿಕ್ ರೈತರು ಕಟ್ಟಿದ ಊರು. ಅಲ್ಲಿನ ಹೈಸ್ಕೂಲಿನ ಹುಡುಗಿಯರ ತಂಡ 20ಕ್ಕೂ ಹೆಚ್ಚು ರಾಜ್ಯ ಪ್ರಶಸ್ತಿ ಗೆದ್ದಿದೆ. ತಾಯಿ ಆಡಿದ ಅಂಗಳದಲ್ಲೇ ಮಗಳು ಆಡುತ್ತಾಳೆ. ಸಮಾನ ಗಾತ್ರದ ನೆರೆಯವರೊಂದಿಗೆ ವರ್ಷವರ್ಷವೂ ಆಡುವ ಏರ್ಪಾಡು ಇಲ್ಲದಿದ್ದರೆ ಮುನ್ನೂರು ಜನರ ಊರು ಹೀಗೆ ಬೆಳೆಯುತ್ತಿರಲಿಲ್ಲ.

ಇನ್ನು ಡಲ್ಲಾಸ್‌ನ ಉತ್ತರದ ಫ್ರಿಸ್ಕೊ. 1990ರಲ್ಲಿ ಸುಮಾರು ಆರು ಸಾವಿರ ಜನರಿದ್ದ ಊರು 2020ರ ಜನಗಣತಿಯಲ್ಲಿ ಎರಡು ಲಕ್ಷ ದಾಟಿತು. ಹೀಗೆ ಬಂದು ನೆಲೆಸಿದವರಲ್ಲಿ ಭಾರತೀಯರು ಬಹಳ, ಅವರಲ್ಲಿ ಕನ್ನಡದ ಮನೆಗಳೂ ಇವೆ. ಊರು ಬೆಳೆದಂತೆ ಒಂದೇ ದೈತ್ಯ ಶಾಲೆ ಕಟ್ಟುವ ಬದಲು, ಒಂದು ಹೈಸ್ಕೂಲಿಗೆ ಸುಮಾರು 2,100 ಮಕ್ಕಳೆಂದು ಮಿತಿ ಇಟ್ಟು ಫ್ರಿಸ್ಕೊ ಹನ್ನೆರಡು ಹೈಸ್ಕೂಲುಗಳನ್ನು ತೆರೆಯಿತು. ಅದರ ಸಮೀಪದ ಆಲನ್ ನಗರದ್ದು ತದ್ವಿರುದ್ಧ ದಾರಿ: 5,000ಕ್ಕೂ ಹೆಚ್ಚು ಮಕ್ಕಳ ಒಂದೇ ಹೈಸ್ಕೂಲ್, ಅದಕ್ಕೆ 2012ರಲ್ಲಿ ಸುಮಾರು ಆರು ಕೋಟಿ ಡಾಲರ್ ಸುರಿದು ಕಟ್ಟಿದ 18,000 ಆಸನಗಳ ಫುಟ್‌ಬಾಲ್ ಕ್ರೀಡಾಂಗಣ. ಆಲನ್‌ಗೆ ದೊಡ್ಡ ಹೆಸರಿದೆ. ಆದರೆ ಒಂದು ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಜಾಗ ಹದಿನೈದೇ. ಹನ್ನೆರಡು ಶಾಲೆಗಳಿದ್ದರೆ 180. ಎತ್ತರ ಕಡಿಮೆಯಿದ್ದರೂ ಕೈಚಳಕವಿರುವ ಹುಡುಗ, ಹತ್ತನೇ ತರಗತಿಯಲ್ಲಿ ಆಟ ಹಿಡಿದ ಹುಡುಗಿ ಆಡುವುದು ಇಂಥ ಕಡೆಯಲ್ಲೇ. ನನ್ನ ಮತ ಫ್ರಿಸ್ಕೊಗೆ.

ಅಲ್ಲಿ ಮಕ್ಕಳನ್ನು ಅಂಗಳಕ್ಕೆ ಬಿಟ್ಟು ಮೆಟ್ಟಿಲ ಮೇಲೆ ಕೂರುವ ಕನ್ನಡದ ತಂದೆ ತಾಯಂದಿರಿಗೆ ಈ ಎರಡು ತಿಂಗಳ ಪಟ್ಟಿಯೇ ಹೊಸದು. ಅವರು ಬೆಳೆದದ್ದು ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ನಮ್ಮ ಶಾಲಾ ಕ್ರೀಡಾಕೂಟಗಳ ಏಣಿಯಲ್ಲಿ. ಅಲ್ಲಿ ಪಂದ್ಯಗಳು ನಾಕೌಟ್. ತಾಲ್ಲೂಕು ಮಟ್ಟದಲ್ಲಿ ಬೆಳಿಗ್ಗೆ ಹತ್ತಕ್ಕೆ ಸೋತ ತಂಡಕ್ಕೆ ಮಧ್ಯಾಹ್ನದ ಊಟದ ಹೊತ್ತಿಗೆ ವರ್ಷದ ಆಟ ಮುಗಿದಿರುತ್ತದೆ. ನಮ್ಮ ಇಲಾಖೆ ಒಂದು ತಾಲ್ಲೂಕಿನ ಆರು ಶಾಲೆಗಳಿಗಾದರೂ ಪರಸ್ಪರ ಎರಡೆರಡು ಪಂದ್ಯದ ಲೀಗ್ ನಡೆಸಿ ನೋಡಲಿ. ಖರ್ಚು ಬಸ್ಸಿನದಷ್ಟೇ.

ಟೆಕ್ಸಸ್‌ಗೆ ಬಸ್ಸು ಚಿಂತೆಯಲ್ಲ, ಚಿಂತೆ ದೂರದ್ದು. ಎಲ್ ಪಾಸೊದ ಶಾಲೆ ಪ್ಲೇಆಫ್‌ನ ಮೊದಲ ಸುತ್ತಿಗೇ ಮಿಡ್‌ಲ್ಯಾಂಡ್ ಕಡೆಯವರನ್ನು ಎದುರಿಸಬೇಕಾದರೆ ನಡುವೆ ಸುಮಾರು 490 ಕಿಲೋಮೀಟರ್. ಮಧ್ಯದ ಯಾವುದೋ ಊರಿನ ಅಂಗಳದಲ್ಲಿ ಇಬ್ಬರಿಗೂ ಪರವೂರಾಗಿ ಆಡುವುದುಂಟು. ಮೊದಲ ಸುತ್ತಿನ ಪಂದ್ಯ ಎಲ್ಲಿ ಎಂಬುದನ್ನು ಎರಡು ಶಾಲೆಗಳು ಮಾತಾಡಿ ಒಪ್ಪಿಕೊಳ್ಳುವುದು ರೂಢಿ. ಮೊದಲು ಬದಲಿಸಬೇಕಾದದ್ದು ಈ ರೂಢಿಯನ್ನೇ. ಎರಡು ಡಿವಿಷನ್‌ಗಳು ಬೇಕೆಂದಾದರೆ ಅವೂ ಇರಲಿ. ಆದರೆ ಶ್ರೇಯಾಂಕವನ್ನು ಶಾಲೆಯ ಗಾತ್ರ ನಿರ್ಧರಿಸುವುದು ನಿಲ್ಲಲಿ. ಡಿಸ್ಟ್ರಿಕ್ಟ್‌ನಲ್ಲಿ ಪಡೆದ ಸ್ಥಾನವೇ ಪ್ಲೇಆಫ್‌ನಲ್ಲೂ ತಂಡದ ಜೊತೆಗೆ ಹೋಗಲಿ. ಹೆಚ್ಚಿನ ಸ್ಥಾನ ಪಡೆದವರಿಗೆ, ಯಾವ ಡಿವಿಷನ್‌ನಲ್ಲೇ ಇರಲಿ, ಮೊದಲ ಎದುರಾಳಿ ಅವರಿಗಿಂತ ಕೆಳಗಿನ ಸ್ಥಾನದವರಾಗಲಿ. ಹದಿನಾಲ್ಕು ಪಂದ್ಯ ಆಡಿ ಡಿಸ್ಟ್ರಿಕ್ಟ್ ಗೆದ್ದ ತಂಡಕ್ಕೆ ಪ್ಲೇಆಫ್‌ನ ಮೊದಲ ಪಂದ್ಯವನ್ನು ಅದರದೇ ಊರಿನಲ್ಲಿ, ಅದರದೇ ಅಂಗಳದಲ್ಲಿ ಆಡಲು ಯುಐಎಲ್ ಅವಕಾಶ ಕೊಡಬೇಕು.