ಒಂದು ರಾತ್ರಿಯ ಎಣ್ಣೆ

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ದಾರಿಯನ್ನು ನನ್ನ ಯೆಜ್ಡಿಯ ಮೇಲೆ ಎಷ್ಟು ಸಲ ಸವೆಸಿದ್ದೇನೋ ಲೆಕ್ಕವಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿಯೇ ಬಾಗಿಲು ಮುಚ್ಚಿತು. ಅಲ್ಲಿ ಹುಟ್ಟಿದ ಗಾಡಿ ಮಾತ್ರ ಹೊಗೆಯುಗುಳುತ್ತ ಇನ್ನೂ ನನ್ನನ್ನು ಹೊರುತ್ತಿದೆ. ಈಚೆಗೆ ಅದರ ಕ್ಲಚ್ಚು ಜಾರತೊಡಗಿತು. ಎಂಜಿನ್ನು ಕೂಗುತ್ತದೆ, ಚಕ್ರ ಕೇಳುವುದಿಲ್ಲ. ನಮ್ಮ ಎಷ್ಟೋ ಕಚೇರಿಗಳ ಸ್ಥಿತಿಯೂ ಇದೇ ಅಲ್ಲವೆ?

ಸೊರಬದ ಮೆಕ್ಯಾನಿಕ್ಕು ನನ್ನ ಹಳೆಯ ವಿದ್ಯಾರ್ಥಿ. ಬಿಚ್ಚಿ ತೋರಿಸಿದ; ಪ್ಲೇಟುಗಳ ಕಾರ್ಕು ಸುಟ್ಟು ಕರಿಗಟ್ಟಿತ್ತು. "ಹೋದ ಸಲ ಒಣಗಿದ್ದನ್ನೇ ಹಾಕಿಸಿದ್ರಾ ಮೇಷ್ಟ್ರೇ?" ಹೌದು. ಶಿಕಾರಿಪುರದಲ್ಲಿ ಎದುರಿಗೇ ನಿಂತು ಗಂಟೆಯೊಳಗೆ ಮುಗಿಸೆಂದು ಅವಸರಪಡಿಸಿದವನು ನಾನೇ. ಅದೇ ಸಂಜೆ ಹಿಂದೆ ಅಕ್ಕಿಮೂಟೆ ಹೇರಿ, ಏರಿನಲ್ಲಿ ಅರ್ಧ ಕ್ಲಚ್ಚು ಹಿಡಿದು ಎಳೆಸಿದವನೂ ನಾನೇ.

ಹೊಸ ಪ್ಲೇಟುಗಳನ್ನು ಅವನು ಎಣ್ಣೆಯ ಡಬ್ಬಿಗಿಳಿಸಿ, "ನಾಳೆ ಬನ್ನಿ" ಎಂದ. ನನಗೆ ಸಿಟ್ಟು ಬಂದಿತು. ಶ್ರೀಗಂಧದಲ್ಲಿ ಒಂದೊಂದು ಎಸಳನ್ನೂ ತಾಳ್ಮೆಯಿಂದ ಬಿಡಿಸುವ ಗುಡಿಗಾರರ ಊರಿನಲ್ಲಿ ನಿಂತು ಸಿಟ್ಟಾದೆನೆಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಅದು ಆಲಸ್ಯವಲ್ಲ, ವಿದ್ಯೆ. ಕಾರ್ಕೆಂಬುದು ಒಂದು ಮರದ ತೊಗಟೆ. ಎಣ್ಣೆಯಲ್ಲೇ ಬಾಳಬೇಕಾದ ಅದು ಮೊದಲು ಎಣ್ಣೆ ಕುಡಿದಿರಬೇಕು. ಒಣಗಿದ್ದರೆ ಉಕ್ಕಿನ ನಡುವೆ ಉಜ್ಜಿ, ಎಣ್ಣೆ ಒಳಗಿಳಿಯುವ ಮೊದಲೇ ಸುಡುತ್ತದೆ. ಕೂಡಿಸಿದ ಮೇಲೂ ಹೊಸ ಕಾರ್ಕು ಹಳೆಯ ಉಕ್ಕನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ. ಓಡುತ್ತ ಓಡುತ್ತ ಮೈಗೆ ಮೈ ಹೊಂದಬೇಕು. ಅಲ್ಲಿಯವರೆಗೆ ಭಾರ ಹೇರಬಾರದು, ಏರಿನಲ್ಲಿ ಅರ್ಧ ಕ್ಲಚ್ಚಿನ ಮೇಲೆ ನಿಲ್ಲಿಸಬಾರದು. ಆಮೇಲೆ ಹಿಡಿಯ ಸಡಿಲನ್ನು ಮತ್ತೊಮ್ಮೆ ನೋಡಿ ಸರಿಪಡಿಸಬೇಕು. ಈ ಕಾಲದ ಎಷ್ಟೋ ಗಾಡಿಗಳಲ್ಲಿ ಕಾರ್ಕಿಲ್ಲ, ನಿಜ. ಆದರೂ ಎಣ್ಣೆಯಲ್ಲಿ ಓಡುವ ಪ್ಲೇಟುಗಳನ್ನು ಬಲ್ಲವರು ಇಂದಿಗೂ ನೆನೆಸಿಯೇ ಹಾಕುತ್ತಾರೆ.

ಈ ಹುಡುಗನಿಗೆ ಒಂಬತ್ತನೆಯ ತರಗತಿಯಲ್ಲಿ ನಾನು ಬರೆದ ಷರಾ 'ಮಂದ' ಎಂದು. ಒಂದೇ ಲೆಕ್ಕವನ್ನು ಹಿಡಿದು ಕುಳಿತು ಉಳಿದವನ್ನು ಬಿಟ್ಟುಬಿಡುತ್ತಿದ್ದ. ಮೂರು ಗಂಟೆಯ ಪರೀಕ್ಷೆಯಲ್ಲಿ ಕಾಯಬಲ್ಲವನಿಗೆ ಅಂಕ ಕೊಡುವ ಅಂಕಣವನ್ನು ನಾವು ಇಟ್ಟಿಲ್ಲ. ಇಡಬೇಕೆಂದು ಈಗ ವಾದಿಸುತ್ತೇನೆ. ನಿವೃತ್ತನ ಮಾತನ್ನು ಕೇಳುವವರಾರು?

ಮರುದಿನ ಗಾಡಿ ಕೊಡುವಾಗ, "ನಲವತ್ತು ದಾಟಿಸಬೇಡಿ" ಎಂದ. ಶಿರಾಳಕೊಪ್ಪದ ಈಚೆಗೆ ಒಂದು ಬಸ್ಸು, ಎರಡು ಲಾರಿ, ಹಾಲಿನ ಕ್ಯಾನು ಕಟ್ಟಿದ ಒಂದು ಮೊಪೆಡ್ಡು ನನ್ನನ್ನು ಹಿಂದೆ ಹಾಕಿದವು. ಮೊಪೆಡ್ಡಿನವನು ತಿರುಗಿ ನೋಡಿ ನಕ್ಕ.