ಇರುವೆ ಇದ್ರೆ ಮಾತ್ರ ಈ ಚಿಟ್ಟೆ

ಬದನಗುಪ್ಪೆ ಅಂದ್ರೆ ಈಗ ಎಲ್ಲರಿಗೂ ನೆನಪಾಗೋದು ಇಂಡಸ್ಟ್ರಿಯಲ್ ಏರಿಯಾ. ನನಗೆ ಅಲ್ಲಿನ ಹೊಲದ ಬದುವಿನ ಎಲಚಿ ಬೇಲಿ. ‘ಮುಟ್ಬ್ಯಾಡ ಕಣಪ್ಪ, ಇರುವ ಕಚ್ತವ’ ಅಂತ ತಾತ ಗದರೋರು. ಆ ಇರುವೆಗಳು ಕಾಯ್ತಾ ಇರೋದು ಒಂದು ಚಿಟ್ಟೆಯ ಮರಿಯನ್ನ ಅಂತ ಗೊತ್ತಾಗಿದ್ದು ತೀರಾ ಇತ್ತೀಚೆಗೆ.

ಚಿಟ್ಟೆಯ ಹೆಸರು ಕಾಮನ್ ಸಿಲ್ವರ್‌ಲೈನ್. ಉಗುರಿನಷ್ಟೇ ಗಾತ್ರ, ರೆಕ್ಕೆಯ ಅಡಿಯಲ್ಲಿ ಕೆಂಪು ಪಟ್ಟೆ, ಪಟ್ಟೆಯೊಳಗೆ ಬೆಳ್ಳಿ ಎಳೆ. ಹಿಂದೆ ಎರಡು ಸಣ್ಣ ಬಾಲ ಇದ್ದು, ಅದೇ ತಲೆಯೇನೋ ಅನ್ನಿಸುತ್ತೆ. ಹಕ್ಕಿ ಅಲ್ಲಿ ಕುಕ್ಕಿದ್ರೆ ರೆಕ್ಕೆ ಚೂರು ಹೋಗುತ್ತೆ, ಜೀವ ಉಳಿಯುತ್ತೆ.

ಇದರ ಮರಿಯನ್ನೂ ನಾವು ಕಂಬಳಿಹುಳು ಅಂತಲೇ ಕರೀತೀವಿ, ಕಂಬಳಿ ಮಾತ್ರ ಇಲ್ಲ! ಬೆನ್ನಿನ ಹಿಂಭಾಗದಲ್ಲಿ ಒಂದು ಗ್ರಂಥಿ ಇದೆ. ಇರುವೆ ಮೀಸೆಯಿಂದ ತಟ್ಟಿದ್ರೆ ಸಿಹಿ ಹನಿ ಬರುತ್ತೆ. ಅದಕ್ಕಾಗಿ ಕ್ರೆಮಟೊಗ್ಯಾಸ್ಟರ್ ಇರುವೆಗಳು, ಅದೇ ಹೊಟ್ಟೆ ಎತ್ತಿಕೊಂಡು ಓಡಾಡೋವು, ಹುಳುವನ್ನ ಸುತ್ತುವರಿದು ನಿಲ್ತವೆ. ಹುಳುವಿನ ಮೈಯೊಳಗೆ ಮೊಟ್ಟೆಯಿಡೋ ಕಣಜ ಬಂದ್ರೆ ಓಡಿಸ್ತವೆ. ಹಗಲು ಎಲೆಗಳ ಗೂಡಲ್ಲಿ ಅಡಗಿದ್ದು, ರಾತ್ರಿ ಮೇಯೋಕೆ ಹೊರಡುತ್ತೆ ಹುಳು. ನಮ್ಮ ಆಫೀಸ್ ಭಾಷೇಲಿ ಇದು ಡಿಪೆಂಡೆನ್ಸಿ: ಗಿಡ ಇದ್ರೆ ಸಾಲದು, ಇರುವೆಯೂ ಬೇಕು.

ಇಂಗ್ಲೆಂಡಿನವರು ಇದನ್ನ ಕಲಿತಿದ್ದು ದುಬಾರಿ ಬೆಲೆ ತೆತ್ತು. ಅಲ್ಲಿನ ಲಾರ್ಜ್ ಬ್ಲೂ ಚಿಟ್ಟೆಯ ಹುಳು ಒಂದು ಜಾತಿಯ ಕೆಂಪಿರುವೆಯ ಗೂಡಲ್ಲೇ ಬೆಳೆಯುತ್ತೆ. ಚಿಟ್ಟೆ ಹಿಡಿಯೋರು ಬರದಿರಲಿ ಅಂತ ಬೇಲಿ ಹಾಕಿದ್ರು. ದನ-ಕುರಿಯೂ ಒಳಗೆ ಬರಲಿಲ್ಲ, ಹುಲ್ಲು ಎತ್ತರಕ್ಕೆ ಬೆಳೀತು, ನೆಲ ತಣ್ಣಗಾಯ್ತು, ಆ ಇರುವೆ ಜಾಗ ಖಾಲಿ ಮಾಡ್ತು. 1979ರಲ್ಲಿ ಚಿಟ್ಟೆಯೂ ಇಲ್ಲವಾಯ್ತು. ಜೆರೆಮಿ ಥಾಮಸ್ ಎಂಬ ವಿಜ್ಞಾನಿ ಕಾರಣ ಹುಡುಕಿದ ಮೇಲೆ, 1983ರಿಂದ ಸ್ವೀಡನ್ನಿನ ಚಿಟ್ಟೆಗಳನ್ನ ತಂದು ಬಿಟ್ರು.

ನಮ್ಮ ಸಿಲ್ವರ್‌ಲೈನ್ ಅಂಥ ಅಪರೂಪದ್ದಲ್ಲ, ಅದೇ ಸಮಾಧಾನ. ಆದ್ರೆ ಸೈಟ್ ‘ಕ್ಲೀನ್’ ಮಾಡೋದು ಅಂದ್ರೆ ಜೆಸಿಬಿಗೆ ಮೊದಲ ತುತ್ತು ಎಲಚಿ ಬೇಲಿಯೇ. ಆಮೇಲೆ ನರ್ಸರಿಯಿಂದ ಹೂಗಿಡ ತಂದು ‘ಬಟರ್‌ಫ್ಲೈ ಗಾರ್ಡನ್’ ಬೋರ್ಡು, ಬುಡಕ್ಕೆ ಇರುವೆ ಪೌಡರು. ಹೂವಿನಲ್ಲಿ ಚಿಟ್ಟೆಗೆ ಊಟ ಸಿಕ್ಕೀತು, ಮಕ್ಕಳನ್ನ ಎಲ್ಲಿ ಸಾಕಬೇಕು?

ಈ ವಾರ ಊರಿಗೆ ಹೋದ್ರೆ ಎಲಚಿ ಗಿಡದಲ್ಲಿ ಚಿಟ್ಟೆ ಹುಡುಕಬೇಡಿ, ಇರುವೆ ಸಾಲು ಹುಡುಕಿ. ಅಂಟಿಕೊಂಡ ಎರಡೆಲೆಗಳ ಸುತ್ತ ಅವು ಮುತ್ತಿಕೊಂಡಿದ್ರೆ ಒಳಗೆ ಹುಳು ಇರಬಹುದು. ಎಲೆ ಬಿಡಿಸಬೇಡಿ. ತಾತ ಹೇಳಿದ್ದು ನಿಜ, ಕಚ್ತವೆ.