ಬದುವಿನ ಬೇಟೆ

ಬೇಟೆಯೆಂದೊಡನೆ ಮೈಸೂರು ಸೀಮೆಯ ಹಿರಿಯರಿಗೆ ನೆನಪಾಗುವುದು ಕಾಕನಕೋಟೆ. ಹೆಗ್ಗಡದೇವನಕೋಟೆಯ ಕಾಡಿನಲ್ಲಿ ತಮಟೆ ಬಡಿದು, ಪಂಜು ಹಿಡಿದು, ಕಾಡಾನೆಗಳ ಹಿಂಡನ್ನು ಕಬಿನಿಯ ನೀರಿಗಿಳಿಸಿ ಸೆರೆಹಿಡಿಯುತ್ತಿದ್ದ ಖೆಡ್ಡಾದ ವೈಭವ 1971ರಲ್ಲಿ ಕೊನೆಗೊಂಡಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಈಗ ಮೊಲಕ್ಕೋ ಕೌಜುಗಕ್ಕೋ ಗುರಿಯಿಟ್ಟವನನ್ನು ಊರು ಬೇಟೆಗಾರನೆಂದು ಹೊಗಳಿದರೂ ಕಾನೂನು ಅಪರಾಧಿಯೆಂದೇ ಕರೆಯುತ್ತದೆ. ಆದರೆ ಬೇಟೆಯ ಆಸೆಯನ್ನು ರದ್ದುಮಾಡುವ ಕಾಯಿದೆಯನ್ನು ಯಾವ ಶಾಸನಸಭೆಯೂ ಇನ್ನೂ ರಚಿಸಿಲ್ಲ.

ಮೈಸೂರಿನಲ್ಲಿ ಕೆಲಸದಲ್ಲಿರುವ ಒಬ್ಬ ತರುಣನಿಗೆ ಅಂಥ ಆಸೆ ಹುಟ್ಟಿತೆಂದು ಭಾವಿಸಬಹುದು. ಅಮೆರಿಕದ ಪಶ್ಚಿಮ ಸಂಸ್ಥಾನಗಳ ಹುಲ್ಲುಗಾವಲಿನಲ್ಲಿ ‘ಪ್ರೇರಿ ನಾಯಿ’ ಎಂಬ ಪ್ರಾಣಿಯನ್ನು ಹೊಡೆಯಲು ಜನರು ಗುಂಪುಕಟ್ಟಿಕೊಂಡು ಹೋಗುವ ಚಲಚ್ಚಿತ್ರವೊಂದನ್ನು ಅವನು ಕೈಫೋನಿನಲ್ಲಿ ನೋಡಿದ್ದಾನೆ. ಹೆಸರಿಗೆ ನಾಯಿಯಾದರೂ ಅದು ಅಳಿಲಿನ ಬಳಗದ ಬಿಲವಾಸಿ. ಸಾವಿರಾರು ಬಿಲಗಳ ‘ಊರು’ ಕಟ್ಟಿಕೊಂಡು ಬಾಳುವ ಪ್ರಾಣಿ. ಹುಲ್ಲು ತಿಂದು ದನಗಳ ಮೇವಿಗೆ ಪಾಲುಗಾರನಾಯಿತೆಂದು ಅಲ್ಲಿನ ಪಶುಪಾಲಕರಿಗೆ ಅದರ ಮೇಲೆ ಕೋಪ. ಅದೇ ಹೊತ್ತಿಗೆ ಭೇರ್ಯದಿಂದ ಸೋದರಮಾವನ ಕರೆ ಬರುತ್ತದೆ: ಗದ್ದೆಯಲ್ಲಿ ಇಲಿಯ ಕಾಟ ವಿಪರೀತವಾಗಿದೆ. ತರುಣನಿಗೆ ಇನ್ನೇನು ಬೇಕು? ಭಾನುವಾರದ ಪ್ರಯಾಣ ನಿಶ್ಚಯವಾಯಿತು. ಒಂದು ಗಾಳಿಕೋವಿ, ಒಂದು ದುರ್ಬೀನು, ಇಬ್ಬರು ಗೆಳೆಯರು, ತಿಂಡಿಯ ಡಬ್ಬಿ. ಮೈಸೂರಿನಿಂದ ಹಾಸನದತ್ತ ಹೋಗುವ ರಸ್ತೆಯಲ್ಲಿ ಕೃಷ್ಣರಾಜನಗರ ದಾಟಿ ಭೇರ್ಯ ತಲುಪುವ ವೇಳೆಗೆ ಬಿಸಿಲೇರಿತ್ತು. ಗದ್ದೆಗಳಲ್ಲಿ ಭತ್ತದ ತೆನೆ ಬಾಗಿತ್ತು.

ಮಾವ ಅವನ ಸಾಮಗ್ರಿಯನ್ನೆಲ್ಲ ಒಮ್ಮೆ ನೋಡಿದರು.

“ಕೋವಿ ತಂದಿದ್ದೀಯೆ, ಸರಿ. ಗುದ್ದಲಿ ಎಲ್ಲಪ್ಪ?”

“ಗುದ್ದಲಿ ಯಾಕೆ ಮಾವ?”

“ಇಲಿ ಹಗಲು ಹೊತ್ತಿನಲ್ಲಿ ಬದುವಿನ ಮೇಲೆ ಕೂತು ನಿನ್ನ ದಾರಿ ಕಾಯುತ್ತೆ ಅಂದುಕೊಂಡೆಯಾ?”

ಆ ಒಂದು ಪ್ರಶ್ನೆಯಲ್ಲಿ ತರುಣನ ಯೋಜನೆ ಕುಸಿಯಿತು. ಪ್ರೇರಿ ನಾಯಿ ಹಗಲಿನ ಪ್ರಾಣಿ. ಬಿಲದ ಬಾಯಲ್ಲಿ ನೆಟ್ಟಗೆ ನಿಂತು ನಾಲ್ಕು ದಿಕ್ಕನ್ನೂ ನೋಡುವುದು ಅದರ ಸ್ವಭಾವ. ಗದ್ದೆಯ ಇಲಿ ಇರುಳಿನ ಕಳ್ಳ. ಹಗಲೆಲ್ಲ ಬದುವಿನ ಹೊಟ್ಟೆಯೊಳಗೆ ಮಲಗಿದ್ದು, ಕತ್ತಲಾದ ಮೇಲೆ ಹೊರಬಂದು, ತಿನ್ನುವುದಕ್ಕಿಂತ ಹೆಚ್ಚಾಗಿ ಕತ್ತರಿಸಿ ಕೆಡಹುತ್ತದೆ. ತೆನೆಗಳನ್ನು ಬಿಲದ ಕಣಜಕ್ಕೆ ಎಳೆದೊಯ್ಯುತ್ತದೆ. ಅದಕ್ಕೆ ಗುರಿಯಿಡಲು ದುರ್ಬೀನಿಗಿಂತ ತಾಳ್ಮೆಯೇ ಹೆಚ್ಚು ಬೇಕು.

“ಮತ್ತೆ, ನೀನು ಬಂದದ್ದೂ ತಡವಾಯಿತು. ಈಗ ಇಲಿಯ ಮದುವೆ ಮುಗಿದು, ತೊಟ್ಟಿಲು ತುಂಬಿ, ಮೊಮ್ಮಕ್ಕಳೂ ಓಡಾಡುತ್ತಿವೆ” ಎಂದರು ಮಾವ.

ಮಾತು ವಿನೋದದ್ದಾದರೂ ಲೆಕ್ಕ ವಿನೋದದ್ದಲ್ಲ. ಇಲಿಯ ಗರ್ಭದ ಅವಧಿ ಸುಮಾರು 3 ವಾರ. ಒಂದು ಸೂಲಿಗೆ ಆರೇಳು ಮರಿಗಳು ಸಾಮಾನ್ಯ. ಆ ಮರಿಗಳೂ ಕೆಲವೇ ತಿಂಗಳಲ್ಲಿ ತಾಯಾಗುತ್ತವೆ. ಪೈರು ಹೊಡೆಗಟ್ಟಿದಾಗ ಅದಕ್ಕೆ ಸುಭಿಕ್ಷ. ಆಗಲೇ ಸಂತಾನವೂ ಹೆಚ್ಚು. ತೆನೆ ಬಾಗಿದ ಮೇಲೆ ಬೇಟೆಗೆ ಹೊರಟವನು ಕೆರೆ ಒಡೆದ ಮೇಲೆ ಏರಿ ಕಟ್ಟಲು ಹೊರಟವನಂತೆ. ಸರಿಯಾದ ಕಾಲ ಎರಡು: ಕೊಯ್ಲು ಮುಗಿದು, ಕೂಳೆ ಒಣಗಿ, ಬದುಗಳು ಬೋಳಾಗಿ, ಇಲಿಗೆ ಆಹಾರವೂ ಮರೆಯೂ ಕಡಮೆಯಾದ ಬೇಸಗೆ ಒಂದು, ನಾಲೆಗೆ ನೀರು ಬಂದು ನಾಟಿ ಆರಂಭವಾಗುವುದಕ್ಕೆ ಮುಂಚಿನ ದಿನಗಳು ಇನ್ನೊಂದು. ಆಗ ಸತ್ತ ಒಂದು ಹೆಣ್ಣಿಲಿ ಸುಗ್ಗಿಯ ವೇಳೆಗೆ ಹುಟ್ಟಬಹುದಾಗಿದ್ದ ಒಂದು ಸಂಸಾರಕ್ಕೆ ಸಮ.

ಕಾಲದ ಅನಂತರ ಜನ. ಒಬ್ಬನೇ ತನ್ನ ಒಂದು ಎಕರೆಯಲ್ಲಿ ಇಲಿ ಹಿಡಿದರೆ, ಖಾಲಿಯಾದ ಬಿಲಗಳಿಗೆ ನೆರೆಯ ಗದ್ದೆಯ ಇಲಿಗಳು ವಾರದೊಳಗೆ ಒಕ್ಕಲು ಬರುತ್ತವೆ. ಆದುದರಿಂದ ಒಂದು ಬಯಲಿನ ರೈತರೆಲ್ಲರೂ ಒಂದೇ ವಾರದಲ್ಲಿ ಕೂಡಿ ಕೆಲಸ ಮಾಡಬೇಕು. ಬದುವಿನ ಗಡಿಗಾಗಿ ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರೂ ಆ ಒಂದು ವಾರ ಮಾತನಾಡಬೇಕಾಗುತ್ತದೆ. ಇಲಿಗೆ ಸರ್ವೆ ನಂಬರು ತಿಳಿಯದು.

ಮೂರನೆಯದು ಗುರುತು. ಬದುವಿನಲ್ಲಿ ಕಾಣುವ ಬಿಲಗಳಲ್ಲೆಲ್ಲ ಇಲಿ ಇರುವುದಿಲ್ಲ. ಸಂಜೆ ಎಲ್ಲ ಬಿಲಗಳ ಬಾಯನ್ನೂ ಹಸಿಮಣ್ಣಿನಿಂದ ಮುಚ್ಚಿ, ಬೆಳಗ್ಗೆ ಹೋಗಿ ನೋಡಿದರೆ ಮತ್ತೆ ತೆರೆದುಕೊಂಡವು ಜೀವಂತ ಬಿಲಗಳು. ಗುದ್ದಲಿಯ ಕೆಲಸ ಅಲ್ಲಿ ಮಾತ್ರ. ಒಂದು ಬಾಯಿ ಬಿಟ್ಟು ಉಳಿದವನ್ನು ಮುಚ್ಚಿ, ಹೊಗೆ ಊದಿ, ಆಮೇಲೆ ಅಗೆಯುವ ಕ್ರಮವೂ ಉಂಟು. ತಮಿಳುನಾಡಿನ ಇರುಳರು ಇದರಲ್ಲಿ ನಿಷ್ಣಾತರು. ತೂತಿನ ಮಡಕೆಯಲ್ಲಿ ಹುಲ್ಲು ಹೊತ್ತಿಸಿ ಬಾಯಿಂದ ಊದಿ, ಇಲಿಯನ್ನು ಮಂಕುಮಾಡಿ ಹಿಡಿಯುತ್ತಿದ್ದರು. ಅದು ಬಚ್ಚಿಟ್ಟ ಧಾನ್ಯವನ್ನೂ ಅಗೆದು ತೆಗೆದು ಅಡಿಗೆಗೆ ಬಳಸುತ್ತಿದ್ದರು. ಆ ಹೊಗೆ ಊದುವವನ ಶ್ವಾಸಕೋಶವನ್ನೇ ಸುಡುತ್ತದೆಂಬುದನ್ನು ಕಂಡು, ಕೈಯಿಂದ ತಿರುಗಿಸುವ ಉಕ್ಕಿನ ಹೊಗೆಯಂತ್ರವನ್ನು ಈಚೆಗೆ ರೂಪಿಸಲಾಗಿದೆ. ಬದುವನ್ನು ಅಗಲವಾಗಿ, ಎತ್ತರವಾಗಿ ಬಿಡದೆ ಸಣ್ಣದಾಗಿ ಕೆತ್ತಿಟ್ಟರೆ ಇಲಿಗೆ ಮನೆ ಕಟ್ಟಲು ಸ್ಥಳವೇ ದೊರೆಯದು ಎಂಬುದು ಎಲ್ಲಕ್ಕಿಂತ ಅಗ್ಗದ ಉಪಾಯ.

“ಇಷ್ಟೆಲ್ಲ ಏಕೆ ಮಾವ? ಅಂಗಡಿಯಲ್ಲಿ ಪಾಷಾಣ ಸಿಗುತ್ತಲ್ಲ?” ಎಂದು ತರುಣ ಕೇಳಿದ.

ಮಾವ ಕೊಟ್ಟಿಗೆಯ ಕಂಬದತ್ತ ನೋಡಿದರು. ಅಲ್ಲಿ ಒಂದು ಸರಪಣಿ ಬರಿದಾಗಿ ತೂಗುತ್ತಿತ್ತು. ಹಿಂದಿನ ವರ್ಷ ಬದುವಿನಲ್ಲಿಟ್ಟ ವಿಷದ ಉಂಡೆಯನ್ನು ಇಲಿಗಿಂತ ಮೊದಲು ಮನೆಯ ನಾಯಿ ತಿಂದಿತ್ತು.

ಜಿಂಕ್ ಫಾಸ್ಫೈಡ್ ಎಂಬ ಆ ಕರಿಯ ಪುಡಿಗೆ ಪ್ರತಿವಿಷವಿಲ್ಲ. ಅದನ್ನು ಬಳಸಲೇಬೇಕಾದಾಗ ಕೃಷಿ ಇಲಾಖೆಯವರ ಸಲಹೆ ಪಡೆದು, ಮೊದಲ ಎರಡು ಮೂರು ದಿನ ವಿಷವಿಲ್ಲದ ಎಣ್ಣೆ ಸವರಿದ ಧಾನ್ಯವನ್ನಿಟ್ಟು, ಇಲಿಗೆ ನಂಬಿಕೆ ಹುಟ್ಟಿಸಿ, ಆಮೇಲೆ ನೂರಕ್ಕೆ 2 ಭಾಗದಷ್ಟು ವಿಷ ಬೆರೆಸಿ ಬಿಲದೊಳಗೇ ಇಡುವುದು ಕ್ರಮ. ಒಮ್ಮೆ ಅರೆಹೊಟ್ಟೆ ತಿಂದು ಬದುಕಿದ ಇಲಿ ಮತ್ತೆ ಆ ತುತ್ತಿಗೆ ಬಾಯಿಡುವುದಿಲ್ಲ. ಇನ್ನು ಗದ್ದೆಯ ಸುತ್ತ ವಿದ್ಯುತ್ತಿನ ತಂತಿ ಎಳೆಯುವುದಂತೂ ಮಹಾಪರಾಧ. ಇಲಿಗೆಂದು, ಹಂದಿಗೆಂದು ಎಳೆದ ತಂತಿಗೆ ನಸುಕಿನಲ್ಲಿ ನೀರು ಕಟ್ಟಲು ಹೋದ ಮನೆಯ ಯಜಮಾನನೇ ಬಲಿಯಾದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಕಾಯಿದೆಯ ದೃಷ್ಟಿಯಿಂದ ಈ ಬೇಟೆಗೆ ಅಡ್ಡಿಯಿಲ್ಲ. 1972ರ ಕಾಯಿದೆ ಇಲಿಯನ್ನು ಕಾಗೆ, ಬಾವಲಿಗಳೊಡನೆ ಉಪದ್ರವಕಾರಿಗಳ ಪಟ್ಟಿಯಲ್ಲಿಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತಾದರೂ ಸಾಮಾನ್ಯ ಗದ್ದೆ ಇಲಿ ರಕ್ಷಿತ ಪ್ರಾಣಿಗಳ ಸಾಲಿಗೆ ಸೇರಲಿಲ್ಲ. ಮೈಗೆ ಮಾತ್ರ ಎಚ್ಚರ ಬೇಕು. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಗುಲಿದರೆ ಇಲಿಜ್ವರ ಬರಬಹುದು. ಬಿಲದಲ್ಲಿ ಇಲಿಯ ಬದಲು ನಾಗರಹಾವು ಇರಬಹುದು. ಕಾಲಿಗೆ ಗಟ್ಟಿ ಜೋಡು, ಕೈಗೆ ಚೀಲ. ಬರಿಗೈ ಎಂದಿಗೂ ಬಿಲಕ್ಕೆ ಸಲ್ಲದು. 1898ರಲ್ಲಿ ಇಲಿಯ ಚಿಗಟವೇರಿ ಮೈಸೂರು ಸಂಸ್ಥಾನವನ್ನು ಹೊಕ್ಕ ಪ್ಲೇಗು ಎಷ್ಟು ಮನೆಗಳ ದೀಪವಾರಿಸಿತೆಂಬುದನ್ನು ಹಳೆಯ ತಲೆಮಾರು ಮರೆಯಲಿಲ್ಲ.

ಅದೇ ಪ್ಲೇಗು ಸುಮಾರು ಅದೇ ಕಾಲದಲ್ಲಿ ಹಡಗಿನ ಇಲಿಗಳೊಡನೆ ಅಮೆರಿಕವನ್ನೂ ಸೇರಿತು. ಅಲ್ಲಿ ಅದು ಪ್ರೇರಿ ನಾಯಿಗಳ ಊರೂರುಗಳನ್ನೇ ಬರಿದುಮಾಡಿತು. ವಿಷ, ಉಳುಮೆ, ಕೋವಿಗಳೂ ಕೂಡಿ, ಒಂದು ಕಾಲಕ್ಕೆ ಕಣ್ಣು ಹಾಯುವವರೆಗೆ ಹಬ್ಬಿದ್ದ ಆ ಬಿಲನಗರಿಗಳಲ್ಲಿ ಅಲ್ಪಭಾಗ ಮಾತ್ರ ಉಳಿದಿದೆ. ನಷ್ಟ ಅದೊಂದರದೇ ಆಗಲಿಲ್ಲ. ಅದನ್ನೇ ತಿಂದು, ಅದರ ಬಿಲದಲ್ಲೇ ವಾಸಿಸುತ್ತಿದ್ದ ಕರಿಗಾಲಿನ ಫೆರೆಟ್ ಎಂಬ, ಮುಂಗುಸಿಯಷ್ಟು ಚುರುಕಾದ ಬೇಟೆಗಾರ ಪ್ರಾಣಿ ನಿರ್ವಂಶವಾಯಿತೆಂದೇ ತಜ್ಞರು ತಿಳಿದಿದ್ದರು. 1981ರಲ್ಲಿ ವಯೋಮಿಂಗ್ ಸಂಸ್ಥಾನದ ಪಶುಪಾಲಕರೊಬ್ಬರ ನಾಯಿ ಒಂದನ್ನು ಕೊಂದು ಮನೆಗೆ ತಂದಾಗಲೇ ಇನ್ನೂ ಕೆಲವು ಉಳಿದಿವೆಯೆಂದು ತಿಳಿದದ್ದು. ಕೊನೆಗೆ ಕೈಗೆ ಸಿಕ್ಕಿದ 18 ಫೆರೆಟ್‌ಗಳನ್ನು ಸಾಕಿ, ಸಂತತಿ ಬೆಳೆಸಿ, ಮತ್ತೆ ಹುಲ್ಲುಗಾವಲಿಗೆ ಬಿಡಬೇಕಾಯಿತು. ಮೋಜಿಗಾಗಿ ಕೊಲ್ಲುವವನಿಗೆ ಎಣಿಕೆ ಮಾತ್ರ ಕಾಣುತ್ತದೆ. ಯಾರ ಅನ್ನ ಯಾರ ಬಿಲದಲ್ಲಿದೆ ಎಂಬುದು ಕಾಣುವುದಿಲ್ಲ.

ಭೇರ್ಯದ ಗದ್ದೆಗೂ ಅಂಥ ಬೇಟೆಗಾರರಿದ್ದಾರೆ. ಕಣಜಗೂಬೆ ಇರುಳೆಲ್ಲ ಇಲಿಗಾಗಿ ಕಾಯುತ್ತದೆ. ಅದಕ್ಕೆ ಕೂರಲು ಗದ್ದೆಯಲ್ಲಿ ಒಂದು ಅಡ್ಡಪಟ್ಟಿಯ ಗೂಟ ನೆಟ್ಟರೆ ಸಾಕು. ಅಪಶಕುನವೆಂದು ಅದಕ್ಕೆ ಕಲ್ಲೆಸೆಯುವ ಮನುಷ್ಯ ತನ್ನ ಕಣಜಕ್ಕೇ ಕಲ್ಲೆಸೆಯುತ್ತಾನೆ.

ಆ ಭಾನುವಾರ ಗಾಳಿಕೋವಿ ಚೀಲದಿಂದ ಹೊರಬರಲಿಲ್ಲ. ಬೇಸಗೆಯಲ್ಲಿ ತರುಣ ಮತ್ತೆ ಬಂದ. ಈ ಸಾರಿ ಅವನ ಹೆಗಲಿನಲ್ಲಿ ಗುದ್ದಲಿಯಿತ್ತು. ಬಯಲಿನ ಹತ್ತು ಮನೆಯವರು ಜೊತೆಗಿದ್ದರು. ಮೊದಲ ಬಿಲವನ್ನು ಅಗೆಯುತ್ತಿದ್ದಂತೆ ಮಾರುದ್ದದ ಕೇರೆಹಾವೊಂದು ಸರಿದು ಹೊರಬಂದಿತು. ತರುಣ ಬೆದರಿ ಕೋಲೆತ್ತಿದ. ಮಾವ ಅವನ ಕೈ ಹಿಡಿದರು.

“ಬಿಡಪ್ಪ. ನಮಗಿಂತ ಮೊದಲೇ ಕೆಲಸಕ್ಕೆ ಬಂದಿದೆ.”

ಹಾವು ಬದು ದಾಟಿ ಪಕ್ಕದವರ ಗದ್ದೆಗೆ ಇಳಿಯಿತು. ಅಲ್ಲಿಯೂ ಯಾರೂ ಕೋಲೆತ್ತಲಿಲ್ಲ.